ಅರಸನ ಊಟ, ಅಂಗಳದ ನೀರು

"ಮನುಷ್ಯನ ಕೈ ಸೋಕದ ನೆಲ, ಪ್ರಭು!" ಎಂದು ಯಂತ್ರಪಂಡಿತ ಪದ್ಮಾಕರ ಎರಡೂ ತೋಳೆತ್ತಿ ಸಾರಿದ. "ನಲವತ್ತು ಜನ ತಿಂಗಳಿಡೀ ಬೆನ್ನು ಬಗ್ಗಿಸಿ ಮಾಡುವ ಕೆಲಸವನ್ನು ನನ್ನ ಯಂತ್ರ ಮೂರೇ ದಿನದಲ್ಲಿ ಮುಗಿಸಿದೆ. ಈ ಮೂಲೆಯಿಂದ ಆ ಮೂಲೆಗೆ ನೂಲೆಳೆಯಷ್ಟೂ ಏರಿಳಿತವಿಲ್ಲ."

ಗುಂಡಗಲ್ಲಿನ ಅರಸ ಭೈರವ ನಾಯಕ ಅರಮನೆಯ ಒಳಂಗಳವನ್ನು ನೋಡಿ ಹಿರಿಹಿರಿ ಹಿಗ್ಗಿದ. ಹೊಸ ಹಾಸುಗಲ್ಲುಗಳು ಕನ್ನಡಿಯಷ್ಟು ಮಟ್ಟಸವಾಗಿದ್ದವು. ಯಂತ್ರ ಒಂದು ಬದಿಯಲ್ಲಿ ನಿಂತಿತ್ತು. ಗಾಣದಂತೆ ಎತ್ತು ತಿರುಗಿಸುವ ಚಕ್ರ, ಕಲ್ಲು ಎತ್ತಿ ಇಡುವ ಎರಡು ಮರದ ತೋಳು, ಮಟ್ಟ ನೋಡಲು ನೀರು ತುಂಬಿದ ಒಂದು ಗಾಜಿನ ಕೊಳವೆ.

"ಹಾಗಾದರೆ ಕಲ್ಲು ಹಾಸುವ ಆ ಹಾಸುಗಾರರ ಕೇರಿ ಇನ್ನೇಕೆ?" ಎಂದ ಅರಸ. "ಹುಣ್ಣಿಮೆಯೊಳಗೆ ಖಾಲಿ ಮಾಡಲಿ. ಅಲ್ಲಿ ಯಂತ್ರಕ್ಕೊಂದು ಮನೆ ಕಟ್ಟಿಸೋಣ."

ಸಭೆ ಭೇಷ್ ಎಂದಿತು. ಆಸ್ಥಾನದ ವಿದೂಷಕ ಸಿಂಗಾರಯ್ಯನೂ ಹೂಂ ಎಂದ. ಈ ಅರಸನಿಗೆ ಎದುರಾಡಿ ಗೆದ್ದವರನ್ನು ಅವನು ಕಂಡಿರಲಿಲ್ಲ. ಹೂಂ ಎನ್ನುತ್ತಲೇ ಗೆಲ್ಲುವುದು ಅವನ ರೂಢಿ.

ಮಧ್ಯಾಹ್ನ ಅವನು ಹಾಸುಗಾರರ ಕೇರಿಗೆ ಹೋದ. ನಲವತ್ತು ಮನೆಗಳಲ್ಲೂ ಗಂಟುಮೂಟೆ ಕಟ್ಟುತ್ತಿದ್ದರು. ಹಿರಿಯ ಗಿಡ್ಡಾಬೋವಿ ಉಳಿ, ಸುತ್ತಿಗೆಗಳನ್ನು ಗೋಣಿಯಲ್ಲಿ ಸುತ್ತುತ್ತಿದ್ದ.

"ಏನು ಗಿಡ್ಡಪ್ಪ, ಹೊರಟೇಬಿಟ್ಟೆಯಾ?"

"ಇನ್ನೇನು ಮಾಡಲಿ ಬುದ್ಧಿ? ನಮ್ಮಜ್ಜ ಹಾಸಿದ ಬೀದಿಯಲ್ಲೇ ನಡೆದು ಊರು ಬಿಡಬೇಕಾಯಿತು."

"ಯಂತ್ರದ ಕೆಲಸ ನೋಡಿದೆಯಾ?"

"ನೋಡಿದೆ. ಕಲ್ಲು ಎತ್ತೋದರಲ್ಲಿ ಗಟ್ಟಿಗ, ಸುಳ್ಳು ಹೇಳಬಾರದು. ಆದರೆ ವಾಟ ಎಲ್ಲಿದೆ ಬುದ್ಧಿ? ನೀರು ಬಚ್ಚಲುಕಂಡಿಗೆ ಹರಿಯೋ ಹಾಗೆ ನೆಲ ಒಂದು ಕಡೆಗೆ ಇಳೀಬೇಕು. ಆ ಇಳಿಜಾರು ನಮ್ಮ ಕಣ್ಣಿಗೆ ಕಾಣಬಾರದು, ನೀರಿಗೆ ಕಾಣಬೇಕು. ಪಂಡಿತರಿಗೆ ಹೇಳಿದೆ. 'ನಿನ್ನ ಕಣ್ಣು ಸೊಟ್ಟ, ನನ್ನ ಕೊಳವೆ ನೆಟ್ಟಗಿದೆ' ಅಂದರು."

"ಅವರ ಕೊಳವೆಯೊಳಗಿನ ನೀರು ಎಲ್ಲಿಗೂ ಹರಿಯಬೇಕಾಗಿಲ್ಲವಲ್ಲ, ಪಾಪ," ಎಂದ ಸಿಂಗಾರಯ್ಯ. "ಅದಿರಲಿ, ನೀವು ಹಾಸಿದ್ದು ಸರಿಯಾಗಿದೆ ಅಂತ ಹೇಗೆ ಗೊತ್ತು ಮಾಡಿಕೊಳ್ಳುತ್ತೀರಿ?"

ಗಿಡ್ಡಾಬೋವಿ ತಮ್ಮ ಪದ್ಧತಿ ಹೇಳಿದ. ಕೇಳುತ್ತ ಕೇಳುತ್ತ ಸಿಂಗಾರಯ್ಯ ಮೀಸೆಯಡಿಯಲ್ಲೇ ನಕ್ಕ.

"ಆ ಗಂಟು ಬಿಗಿಯಬೇಡ. ನಾಳೆ ಅರಮನೆಗೆ ಬಾ."

ಮರುದಿನ ಸಿಂಗಾರಯ್ಯ ಅರಸನ ಮುಂದೆ ಕೈಮುಗಿದು ನಿಂತ. "ಪ್ರಭು, ಹಾಸು ಮುಗಿದ ಮೇಲೆ ಅಂಚುಗಲ್ಲಿನಲ್ಲಿ ಹಾಸಿದವರ ಹೆಸರು ಕೆತ್ತುವುದುಂಟು. ಯಾರ ಹೆಸರು ಕೆತ್ತಿಸಲಿ?"

"ನನ್ನದು," ಎಂದ ಪದ್ಮಾಕರ.

"ಹಾಸಿದ್ದು ಯಂತ್ರವಲ್ಲವೇ ಪಂಡಿತರೇ? ಮನುಷ್ಯನ ಕೈ ಸೋಕಿಲ್ಲ ಅಂದಿರಿ."

"ಯಂತ್ರ ನನ್ನ ಬುದ್ಧಿಯ ಕೂಸು!"

"ಕೂಸಿಗೆ ಹಾಲೆರೆದವನು ನಾನು!" ಎಂದು ಅರಸ ಗುಡುಗಿದ. "ಮರ ನನ್ನದು, ಎತ್ತು ನನ್ನದು, ಕಲ್ಲು ನನ್ನದು. ಅಂದ ಮೇಲೆ ಹಾಸಿದವನು ನಾನೇ. ನನ್ನ ಹೆಸರು ಕೆತ್ತಿಸು."

"ಅಪ್ಪಣೆ. ಹಾಗಾದರೆ ಹಾಸೂಟಕ್ಕೆ ತಾವೇ ಕೂರಬೇಕು."

"ಅದೇನದು ಹಾಸೂಟ?"

"ಹಾಸುಗಾರರ ಪದ್ಧತಿ, ಪ್ರಭು. ಹಾಸಿದವನು ಅಂಗಳದ ನಟ್ಟನಡುವೆ, ಬರಿನೆಲದ ಮೇಲೆ ಉಣ್ಣಲು ಕೂರುತ್ತಾನೆ. ಸುತ್ತಲಿಂದ ಮುನ್ನೂರು ಕೊಡ ನೀರು ಸುರಿಯುತ್ತಾರೆ. ಅವನು ಉಂಡು ಎದ್ದ ಮೇಲೆಯೇ ಹೆಸರು ಕೆತ್ತುವುದು."

"ಪ್ರಭುಗಳ ಹೆಸರೇ ಸರಿ," ಎಂದ ಪದ್ಮಾಕರ, ಯಾರೂ ಕೇಳದಿದ್ದರೂ.

"ಕಲ್ಲು ಕುಟ್ಟುವವನು ಉಣ್ಣಬಲ್ಲ, ನಾನು ಉಣ್ಣಲಾರೆನೇ? ಬಡಿಸಿ!" ಎಂದ ಅರಸ.

ಬಾಳೆಯೆಲೆ ಹಾಕಿದರು. ಕೋಸಂಬರಿ, ಪಲ್ಯ, ಹಪ್ಪಳ, ಅನ್ನ, ತೊವ್ವೆ ಬಂದವು. ಅರಸ ಜರಿಪಂಚೆ ಹರಡಿಕೊಂಡು ಚಕ್ಕಳಮಕ್ಕಳ ಹಾಕಿ ಕೂತ. ನಾಲ್ಕೂ ಕಡೆಯಿಂದ ನೀರು ಸುರಿಯತೊಡಗಿದರು.

ನೀರು ಹರಡಿತು. ಹರಡಿದ್ದು ಅಲ್ಲೇ ನಿಂತಿತು. ಮೂಲೆಯ ಬಚ್ಚಲುಕಂಡಿಯ ಕಡೆ ಹೋಗಬೇಕೆಂದು ಅದಕ್ಕೆ ಯಾರೂ ಹೇಳಿರಲಿಲ್ಲ. ನೂರು ಕೊಡ ಮುಗಿಯುವಷ್ಟರಲ್ಲಿ ಪಂಚೆ ಒದ್ದೆಯಾಯಿತು. ಇನ್ನೂರಕ್ಕೆ ತೊವ್ವೆ ತಿಳಿಯಾಯಿತು. ಮುನ್ನೂರಕ್ಕೆ ಹಪ್ಪಳ ದೋಣಿಯಂತೆ ಸಾಗಿ ಮಂತ್ರಿಗಳ ಪಾದದ ಬಳಿ ಹೋಗಿ ನಿಂತಿತು.

"ಪಾಯಸ ಬಡಿಸಲೇ ಪ್ರಭು?" ಎಂದ ಸಿಂಗಾರಯ್ಯ.

ಪದ್ಮಾಕರ ಮುಂದೆ ಬಂದ. "ನೆಲದಲ್ಲಿ ದೋಷವಿಲ್ಲ, ಪ್ರಭು. ಇವರು ನೀರು ಸುರಿದದ್ದು ಕ್ರಮಬದ್ಧವಾಗಿಲ್ಲ."

"ಹೌದು ಹೌದು. ಮಳೆಗೂ ಆ ಕ್ರಮ ಸ್ವಲ್ಪ ಕಲಿಸಿಬಿಡಿ ಪಂಡಿತರೇ," ಎಂದ ಸಿಂಗಾರಯ್ಯ. "ಪಾಪ, ಅದು ಓದಿಲ್ಲ."

ಬಾಗಿಲ ಬಳಿ ನಿಂತಿದ್ದ ಗಿಡ್ಡಾಬೋವಿಯ ಕಡೆ ಅರಸ ತಿರುಗಿದ. "ನೀನೂ ಹೀಗೆ ಕೂತಿದ್ದೆಯೇನೋ?"

"ಕೂತಿದ್ದೆ ಮಹಾಸ್ವಾಮಿ. ಹೊಸದರಲ್ಲಿ ಮೂರು ಸಲ ನೆನೆದೆ. ಮೂರು ಸಲವೂ ಎಲ್ಲರೂ ನಕ್ಕರು. ನಾಚಿಕೆಯಿಂದ ಕಲ್ಲೆಲ್ಲ ಕಿತ್ತು ಮತ್ತೆ ಹಾಸಿದೆ. ಆಮೇಲೆ ಒಂದು ಸಲವೂ ನೆನೆಯಲಿಲ್ಲ."

"ಮತ್ತೆ ಈ ಯಂತ್ರ ಎಷ್ಟು ಸಲ ನೆನೆದರೆ ಕಲಿಯುತ್ತದೆ ಸಿಂಗಾರಯ್ಯ?"

"ಅದಕ್ಕೆ ನೆನೆಯಲು ಪಂಚೆಯೂ ಇಲ್ಲ, ನಾಚಲು ಮುಖವೂ ಇಲ್ಲ, ಪ್ರಭು. ಅದರ ಪರವಾಗಿ ನೆನೆದವರು ತಾವು. ಹಾಗಾಗಿ ಕಲಿಯುವವರೂ ತಾವೇ. ಒಂದು ಸಲ ಆಯಿತು. ಇನ್ನು ಎರಡೇ ಎರಡು ಊಟ, ಗುಂಡಗಲ್ಲಿನಲ್ಲಿ ತಮ್ಮಂಥ ಹಾಸುಗಾರ ಮತ್ತೊಬ್ಬನಿರುವುದಿಲ್ಲ!"

ಅರಸ ಒಮ್ಮೆ ತನ್ನ ಎಲೆಯನ್ನು ನೋಡಿದ, ಒಮ್ಮೆ ಮಂತ್ರಿಗಳ ಕಾಲಡಿಯ ಹಪ್ಪಳವನ್ನು ನೋಡಿದ. ಆಮೇಲೆ ಹೊಟ್ಟೆ ಕುಣಿಯುವಂತೆ ನಗತೊಡಗಿದ.

"ಗಿಡ್ಡಾಬೋವಿ, ಕೇರಿ ಬಿಡಬೇಡಿ. ಯಂತ್ರ ಕಲ್ಲು ಎತ್ತಿಕೊಡಲಿ, ಹಾಸುವವರು ನೀವೇ. ಈ ಅಂಗಳ ಕಿತ್ತು ವಾಟ ಕೊಟ್ಟು ಹಾಸಿ, ನಿಮ್ಮ ಹೆಸರೇ ಕೆತ್ತಿಕೊಳ್ಳಿ."

ಎದ್ದು ಪಂಚೆ ಹಿಂಡುತ್ತ ಅರಸ ಪದ್ಮಾಕರನತ್ತ ಕೈ ತೋರಿಸಿದ.

"ಕೀಳುವ ಮುಂಚೆ ಆ ಎರಡು ಊಟ ಪಂಡಿತರಿಗೆ ಬಡಿಸಿಬಿಡಿ."