ಉಳುಕಿನ ನೀಲವ್ವ

"ಗುರುಗಳೇ, ಕಿವಿಗೊಡದ ಜನಕ್ಕೆ ಇನ್ನೆಷ್ಟು ಸಲ ಹೇಳಬೇಕು?" ಎಂದು ಶಿಷ್ಯ ಕೇಳಿದ. ಮಠದಲ್ಲಿ ಕೀಲುನೋವಿನ ರಕ್ತಪರೀಕ್ಷೆ ಇಟ್ಟಿದ್ದರು. ಅವನು ಮೂರು ದಿನ ಮನೆಮನೆಗೆ ಹೋಗಿ ಕರೆದಿದ್ದ. ಹೆಚ್ಚು ಜನ ಬರಲಿಲ್ಲ. ಸಿಟ್ಟು ನೆತ್ತಿಗೇರಿತ್ತು.

"ಕೂತುಕೋ ಮಾರಾಯ, ಮೊದಲು ನೀರು ಕುಡಿ" ಎಂದು ಗುರುಗಳು ಕತೆ ತೆಗೆದರು.

ನೇಕಾರರ ಊರೊಂದರಲ್ಲಿ ನೀಲವ್ವ ಎಂಬ ಹೆಂಗಸಿದ್ದಳು. ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಮೂರು ಸಲ ಪಾದ ಸೋಕಿಸಿದರೆ ಉಳುಕು ಬಿಡುತ್ತದೆಂದು ಊರು ನಂಬಿತ್ತು. ಆ ಊರಲ್ಲಿ ಯಾವ ಕೀಲು ನೊಂದರೂ ಅದು ಉಳುಕೇ! ಎಲ್ಲರೂ ಅವಳ ಬಾಗಿಲಿಗೇ ಬರುವರು. ಅವಳು ಪಾದ ಸೋಕಿಸುವಳು, ವಾರದೊಳಗೆ ನೋವು ಹೋಗುವುದು. ಅವಳಿಗೂ ಅದರ ಹೆಮ್ಮೆಯಿತ್ತು, ಏಕಿರಬಾರದು?

ಒಬ್ಬ ನೇಕಾರ ಕಾಲಿನ ಹೆಬ್ಬೆರಳು ಊದಿಸಿಕೊಂಡು ಬಂದ. ಪಾದ ಸೋಕಿಸಿದಳು, ವಾಸಿಯಾಯಿತು. ಮೂರು ತಿಂಗಳಿಗೆ ಮತ್ತೆ ಬಂದ. ಅದೇ ಬೆರಳು. ಮೂರನೆಯ ಸಲ ಹೆಂಡತಿಯ ಹೆಗಲು ಹಿಡಿದು ಬಂದ. "ಈ ಕಾಲು ಹೋದರೆ ಮಗ್ಗ ತುಳಿಯುವುದು ಹೇಗವ್ವಾ?" ಎಂದು ಅತ್ತೇಬಿಟ್ಟ.

ನೀಲವ್ವ ಆ ಬೆರಳನ್ನು ಮುಟ್ಟಿ ನೋಡಿದಳು. ತೆಗೆದ ಉಳುಕು ಅದೇ ಜಾಗಕ್ಕೆ ಏಕೆ ಬರುತ್ತದೆ? ಅಂದು ಅವಳು ಕಾಲೆತ್ತಲಿಲ್ಲ. ಅವನನ್ನು ಆಸ್ಪತ್ರೆಗೆ ಕರೆದೊಯ್ದಳು.

ಅಲ್ಲಿಯ ನರ್ಸಮ್ಮ ರಕ್ತ ನೋಡಿ ಹೇಳಿದಳು: "ಇದು ಉಳುಕಲ್ಲ. ರಕ್ತದಲ್ಲಿ ಯೂರಿಕ್ ಆಸಿಡ್ ಹೆಚ್ಚಿದೆ. ವಾರಕ್ಕೆ ನೋವು ತಾನಾಗಿ ಇಳಿಯುತ್ತದೆ, ಆ ಆಸಿಡ್ ಇಳಿಯುವುದಿಲ್ಲ. ಹೀಗೇ ಬಿಟ್ಟರೆ ಕೀಲು ಕೆಡುತ್ತದೆ. ಮೊದಲೇ ಬರಬಾರದಿತ್ತೇ?"

"ಮೊದಲು ನನ್ನ ಹತ್ತಿರ ಬಂದಿದ್ದನಲ್ಲ ತಾಯಿ" ಎಂದಳು ನೀಲವ್ವ. ನಾಚಿಕೆಯಿಂದ ಕುಗ್ಗಿಹೋದಳು. ಆಮೇಲೆ ರಕ್ತ ಕೊಡಲು ತನ್ನ ಕೈಬೆರಳನ್ನೂ ಮುಂದೆ ಚಾಚಿದಳು. ಒಂದು ದಿನವೂ ನೋವು ಕಾಣದ ಅವಳ ರಕ್ತದಲ್ಲೂ ಅದು ಹೆಚ್ಚಿತ್ತು.

ಮರುದಿನದಿಂದ ಬಾಗಿಲಿಗೆ ಬಂದವರಿಗೆಲ್ಲ ಒಂದೇ ಮಾತು ಹೇಳಿದಳು: "ನನ್ನ ಪಾದದಲ್ಲಿ ಏನೂ ಇಲ್ಲವಪ್ಪ. ನನಗೇ ಪಥ್ಯ ಹೇಳಿ ಕಳಿಸಿದ್ದಾರೆ. ನೀವೂ ಹೋಗಿ ತೋರಿಸಿಕೊಳ್ಳಿ." ಕೆಲವರು ಆಡಿಕೊಂಡು ನಕ್ಕರು. ಇಷ್ಟು ವರ್ಷದ ಹೆಸರು ಹೋಯಿತು. ಅವಳು ಒಳಗೆ ಹೋಗಿ ಅತ್ತಳು. ಆದರೆ ತಿಂಗಳೊಳಗೆ ಊರಿಗೆ ಊರೇ ಹೋಗಿ ರಕ್ತ ಕೊಟ್ಟಿತು. ನೇಕಾರನ ಬೆರಳು ಸೊಟ್ಟಗೇ ಉಳಿಯಿತು, ಮಗ್ಗ ಮಾತ್ರ ನಿಲ್ಲಲಿಲ್ಲ.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಅವಳು ಹೇಳಿದ್ದನ್ನೇ ನಾನೂ ಹೇಳಿದೆನಲ್ಲ, ಗುರುಗಳೇ?"

ಗುರುಗಳು ಅವನ ಮುಖ ನೋಡಿದರು. "ನಿನ್ನ ರಕ್ತದಲ್ಲಿ ಎಷ್ಟಿದೆಯಪ್ಪ?"