ಯಾರ ಗೇಣು?

ಒಂದೂರಿನಲ್ಲಿ ಜವರಯ್ಯನೆಂಬ ಗಾರೆ ಮೇಸ್ತ್ರಿ ಇದ್ದ. ಅವನ ಅಂಗೈ ಊಟದ ತಟ್ಟೆಯಷ್ಟು ಅಗಲ. ಆದರೂ ಹೆಬ್ಬೆರಳ ಗಾತ್ರದ ಮಣ್ಣಿನ ಸೈನಿಕರನ್ನು ಅವನು ಮರಿಹಕ್ಕಿಯನ್ನು ಎತ್ತಿದಷ್ಟು ನಾಜೂಕಾಗಿ ಎತ್ತಿಡುತ್ತಿದ್ದ.

ಆ ಊರಿನವರಿಗೆ 'ಕೋಟೆ ಕಾಳಗ' ಎಂಬ ಆಟದ ಹುಚ್ಚು. ಗ್ರಂಥಾಲಯದ ಜಗಲಿಯಲ್ಲಿ ದೊಡ್ಡ ಮೇಜು, ಅದರ ಮೇಲೆ ಮರಳಿನ ಗುಡ್ಡ, ಎರಡು ಪುಟ್ಟ ಕೋಟೆ. ಒಬ್ಬರದು ಕೆಂಪು ಸೈನ್ಯ, ಇನ್ನೊಬ್ಬರದು ಹಳದಿ. ಎದುರಾಳಿಯ ಕೋಟೆ ಬಾಗಿಲು ಮೊದಲು ಮುಟ್ಟಿದವರು ಗೆದ್ದಂತೆ. ಯುಗಾದಿಯ ಮರುದಿನ ಕೊನೆಯ ಪಂದ್ಯ. ಅದನ್ನು ಗೆದ್ದವರ ಮನೆಯಲ್ಲೇ ವರ್ಷವಿಡೀ ಎರಡೂ ಸೈನ್ಯಗಳ ವಾಸ. ನಾಲ್ಕು ವರ್ಷದಿಂದ ಅವು ಜವರಯ್ಯನ ಮನೆಯಲ್ಲೇ ಇದ್ದವು.

ಆಟ ಕಟ್ಟಿದ ಮೇಷ್ಟರು ತೀರಿಹೋಗಿದ್ದರು. ಅವರು ಬರೆದ ನಿಯಮಗಳ ಹಾಳೆ ಗೋಡೆಯ ಮೇಲಿತ್ತು. 'ಬಾಣ ಎರಡು ಗೇಣು ದೂರ ಹೋಗುತ್ತದೆ' ಎಂದಿತ್ತು. 'ಶತ್ರುವಿಗೆ ಒಂದು ಗೇಣಿಗಿಂತ ಹತ್ತಿರ ಬಂದ ಕುದುರೆ ಒಂದು ಸರದಿ ನಿಲ್ಲಬೇಕು' ಎಂದೂ ಇತ್ತು. ಯಾರ ಗೇಣು? ಅದನ್ನು ಬರೆದಿರಲಿಲ್ಲ. ಯಾರೂ ಕೇಳಿರಲೂ ಇಲ್ಲ. ಸೋತವರು, ಮೇಸ್ತ್ರಿಯ ತಲೆ ಚುರುಕು ಎಂದುಕೊಂಡು ಮನೆಗೆ ಹೋಗುತ್ತಿದ್ದರು.

ಆ ವರ್ಷ ಕೊನೆಯ ಪಂದ್ಯಕ್ಕೆ ಜವರಯ್ಯನ ಎದುರು ಬಂದವಳು ಹೂ ಮಾರುವ ಗೌರಮ್ಮ. ಬಲು ಜಾಣೆ. ಕೈ ಮಾತ್ರ ಚಿಕ್ಕವು.

ಆಟ ಶುರುವಾಯಿತು. ಜವರಯ್ಯನ ಬಾಣಗಳು ದೂರದಿಂದಲೇ ಬಿದ್ದವು. ಗೌರಮ್ಮನ ಬಾಣಗಳು ಅರ್ಧ ದಾರಿಯಲ್ಲೇ ಉಳಿದವು.

"ಇದೇನು ಜವರಣ್ಣ, ನಿಮ್ಮ ಬಾಣಕ್ಕೆ ರೆಕ್ಕೆ ಇದೆಯಾ?" ಎಂದಳು ಗೌರಮ್ಮ.

"ನಿಯಮ ನೋಡಮ್ಮ, ಎರಡು ಗೇಣು. ಆಡೋರು ಅವರವರ ಗೇಣಲ್ಲಿ ಅಳೀಬೇಕು," ಎಂದ ಜವರಯ್ಯ.

ಸ್ವಲ್ಪ ಹೊತ್ತಿಗೆ ಜವರಯ್ಯನ ಕೆಂಪು ಕುದುರೆ ನಾಗಾಲೋಟದಲ್ಲಿ ಹಳದಿ ಕೋಟೆಯ ಬಳಿ ಬಂತು. ಇನ್ನೊಂದೇ ನಡೆ, ಬಾಗಿಲು ಸಿಕ್ಕಂತೆ. ಗೌರಮ್ಮ, "ನನ್ನ ಬಾಗಿಲ ಕಾವಲುಗಾರನಿಂದ ಎಷ್ಟು ದೂರ? ಅಳೀರಿ," ಎಂದಳು. ಜವರಯ್ಯ ಕೈ ಚಾಚಿದ. ಅವನ ಗೇಣು ಕುದುರೆಯನ್ನು ದಾಟಿ ಮುಂದೆ ಹೋಯಿತು. ಅಂದರೆ ಕುದುರೆ ನಿಲ್ಲಬೇಕು!

"ಇದನ್ನ ನಿನ್ನ ಗೇಣಲ್ಲಿ ಅಳಿ ತಾಯಿ. ಕಾವಲುಗಾರ ನಿನ್ನವನು ತಾನೆ?" ಎಂದುಬಿಟ್ಟ.

ಜಗಲಿಯಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಜವರಯ್ಯನಿಗೆ ತನ್ನ ಮಾತು ತನಗೇ ಕೇಳಿಸಿತು. ಕಿವಿ ಬಿಸಿಯಾಯಿತು. ಮರುಗಳಿಗೆ ಅವನಿಗೂ ನಗು ತಡೆಯಲಾಗಲಿಲ್ಲ.

ಗೌರಮ್ಮ ಹೇಳಿದಳು: "ನಾನು ದಿನಾ ಮೊಳ ಹಾಕಿ ಹೂ ಮಾರೋಳು. ಉದ್ದ ಕೈಯವರು ತಮ್ಮ ಮೊಳ ಬೇಕು ಅಂತಾರೆ. ಗಿಡ್ಡ ಕೈಯವರು ನನ್ನ ಮೊಳವೇ ಸಾಕು ಅಂತಾರೆ. ಈಗ ನೀವೇ ತೀರ್ಮಾನ ಮಾಡಿ. ಹೂ ಕಟ್ಟೋ ಈ ಬಾಳೆನಾರಲ್ಲಿ ಕೆಂಪಿಗೊಂದು ಗೇಣು, ಹಳದಿಗೊಂದು ಗೇಣು ಕತ್ತರಿಸಿ. ನಿಮಗೆ ತೋಚಿದಷ್ಟು ಉದ್ದ. ಆದರೆ ಯಾವ ಸೈನ್ಯ ಯಾರಿಗೆ ಅನ್ನೋದನ್ನ ಆಮೇಲೆ ನಾನು ಆರಿಸ್ತೀನಿ. ಆಟ ಮೊದಲಿಂದ."

ಜವರಯ್ಯ ಮೇಜನ್ನು ನೋಡಿದ. ಗೆಲುವು ಕೈಗೆಟಕುವಂತಿತ್ತು. ಬೇಡ ಎಂದರೆ ತಪ್ಪೆನ್ನಲು ಹಾಳೆಯಲ್ಲಿ ಒಂದಕ್ಷರವೂ ಇರಲಿಲ್ಲ. ಆದರೂ ಅವನು ಬಾಳೆನಾರು ತೆಗೆದುಕೊಂಡ. ಎರಡು ತುಂಡು ಕತ್ತರಿಸಿದ. ಪಕ್ಕಪಕ್ಕ ಇಟ್ಟು ಮೂರು ಸಲ ನೋಡಿದ. ಒಂದು ತುಂಡು ಎಳ್ಳಷ್ಟು ಹೆಚ್ಚಿತ್ತು. ಅದನ್ನೂ ಕತ್ತರಿಸಿದ.

ಗೌರಮ್ಮ ಕೆಂಪು ಸೈನ್ಯವನ್ನು ಆರಿಸಿಕೊಂಡಳು. ಅಂಥ ಕಾಳಗವನ್ನು ಊರು ಕಂಡಿರಲಿಲ್ಲ. ಒಂದು ಗುಡ್ಡ ಮೂರು ಸಲ ಕೈ ಬದಲಾಯಿತು. ಹಿಂದಿದ್ದವರು ಬೆಂಚು ಹತ್ತಿ ನಿಂತರು. ಕೊನೆಗೆ ಉಳಿದದ್ದು ಕೆಂಪಿನ ಒಬ್ಬ ಬಿಲ್ಲುಗಾರ, ಹಳದಿಯ ಒಂದು ಕುದುರೆ. ಗೌರಮ್ಮ ಬಾಣ ಬಿಟ್ಟು ಎರಡು ಸಲ ನಾರು ಚಾಚಿದಳು. ಕೂದಲೆಳೆಯಷ್ಟೂ ಮಿಗಲಿಲ್ಲ, ಕುದುರೆ ಬಿತ್ತು. ಬಿಲ್ಲುಗಾರ ನಡೆದು ಹೋಗಿ ಬಾಗಿಲು ಮುಟ್ಟಿದ.

ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದ್ದು ಜವರಯ್ಯ. "ನಾಲ್ಕು ವರ್ಷ ಗೆದ್ದೆ, ಆಟ ಆಡಿದ್ದು ಇವತ್ತೇ!" ಎಂದ. ಸೈನ್ಯಗಳನ್ನು ಹೂವಿನ ಬುಟ್ಟಿಗೆ ತುಂಬಿ ತಾನೇ ತಲೆಯ ಮೇಲೆ ಹೊತ್ತು ಗೌರಮ್ಮನ ಮನೆಗೆ ನಡೆದ. ದಾರಿಯಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ ಆ ಕೊನೆಯ ಬಾಣದ ಕಥೆ ಹೇಳಿದ.

ನೀತಿ: ನಿಯಮಕ್ಕೆ ಎರಡು ಅರ್ಥ ಬಂದಾಗ, ನಾವು ಯಾವ ಕಡೆ ಕೂತರೂ ಒಪ್ಪುವಂಥ ಅರ್ಥವನ್ನೇ ಹಿಡಿಯಬೇಕು. ಆಗ ಸೋತರೂ ಸಂತೋಷ ಸೋಲುವುದಿಲ್ಲ.