ಕಣ್ಬಿಚ್ಚಿನ ಬಾಗಿಲು

ನೆಲ್ಲಿದುರ್ಗದ ಪಡುವಣ ಬಾಗಿಲಿಗೆ ಪುರಸಭೆಯವರು ಹಾಕಿರುವ ಹಸಿರು ಫಲಕದಲ್ಲಿ 'ಪಶ್ಚಿಮ ಮಹಾದ್ವಾರ' ಎಂದಿದೆ. ಆ ಹೆಸರನ್ನು ಬರೆದವನ ಹೊರತು ಇನ್ಯಾರೂ ಬಳಸಿದಂತಿಲ್ಲ. ಆಟೋದವನಿಗೆ ಮಹಾದ್ವಾರ ಎಂದರೆ ಯಾವುದೋ ಕಲ್ಯಾಣಮಂಟಪಕ್ಕೆ ಒಯ್ದು ಇಳಿಸುತ್ತಾನೆ. ಕಣ್ಬಿಚ್ಚಿನ ಬಾಗಿಲು ಎಂದರೆ ಮರುಮಾತಿಲ್ಲದೆ ಗಾಡಿ ತಿರುಗಿಸುತ್ತಾನೆ. ಅಲ್ಲಿ ಈಗ ಬಾಗಿಲೇನೂ ಇಲ್ಲ. ಕದಗಳು ಹೋಗಿ ಎಷ್ಟೋ ತಲೆಮಾರಾಯಿತು. ಮೂರು ಕಡೆ ತಿರುಗಿ ಒಳಹೋಗುವ ಕಲ್ಲಿನ ಓಣಿ, ಒಂದು ಕಾವಲುಕಟ್ಟೆ, ಕಟ್ಟೆಯ ಮೇಲೆ ಹುಣಿಸೆಹಣ್ಣು ಮಾರುವ ಇಬ್ಬರು ಹೆಂಗಸರು, ಇಷ್ಟೇ.

ಹಿಂದೆ ಒಮ್ಮೆ, ದುರ್ಗವನ್ನು ನಾಯಕರು ಆಳುತ್ತಿದ್ದ ಕಾಲದಲ್ಲಿ, ಪರವೂರಿನ ಗಂಡಸು ಯಾರೇ ಬಂದರೂ ಈ ಕಟ್ಟೆಯ ಬಳಿ ಅವನ ಕಣ್ಣಿಗೆ ಬಟ್ಟೆ ಕಟ್ಟುತ್ತಿದ್ದರಂತೆ. ಕೈಹಿಡಿದು ನಡೆಸಿಕೊಂಡು ಹೋಗಿ, ಅವನು ಸೇರಬೇಕಾದ ಮನೆಯ ಹೊಸ್ತಿಲೊಳಗೆ ಬಿಚ್ಚುತ್ತಿದ್ದರು ಎನ್ನುತ್ತಾರೆ. ಕೋಟೆಯ ಗುಟ್ಟು ಹಗೆಗೆ ತಿಳಿಯಬಾರದೆಂಬುದು ಅದಕ್ಕೆ ಕೊಟ್ಟ ಕಾರಣ. ಊರಿನ ಅಳಿಯನಿಗೂ ಇದರಲ್ಲಿ ವಿನಾಯಿತಿ ಇರಲಿಲ್ಲ. ಬಿಚ್ಚುಗಣ್ಣಿನಿಂದ ಊರು ನೋಡಿದ ಪರಕೀಯನ ಕಣ್ಣಿಗೆ ಕಾದ ಕಬ್ಬಿಣ ಇಡಬೇಕೆಂಬುದು ಕಟ್ಟಳೆ. ಆ ಬಟ್ಟೆ ಕಟ್ಟುವ ಕೆಲಸ ಬಾಗಿಲು ಕಾಯುವ ದ್ಯಾವಪ್ಪನದು. ಅವನ ಒಬ್ಬಳೇ ಮಗಳು ತುಂಗವ್ವನನ್ನು ಹೊಳೆಯಾಚೆಯ ರೈತ ಬರಮಪ್ಪನಿಗೆ ಕೊಟ್ಟಿದ್ದರು. ಪಂಚಮಿ ಹಬ್ಬಕ್ಕೆ ಗಂಡ ಹೆಂಡತಿ ತವರಿಗೆ ಬಂದಾಗಲೆಲ್ಲ ಅಳಿಯನ ಕಣ್ಣಿಗೆ ಮಾವನೇ ಗಂಟು ಹಾಕುತ್ತಿದ್ದ.

ತುಂಗವ್ವನಿಗೆ ಮೈ ಉರಿಯುತ್ತಿತ್ತು. ಅಂಬೆಗಾಲಿಟ್ಟ ಊರು, ಓಣಿ ಓಣಿಯೂ ಅಂಗಾಲಿಗೆ ಗೊತ್ತಿದ್ದ ಊರು. ಕಟ್ಟಿಕೊಂಡವನಿಗೆ ಅದನ್ನು ತೋರಿಸಲಾರದೆ ಎತ್ತಿನ ಹಾಗೆ ಎಳೆದುಕೊಂಡು ಹೋಗಬೇಕು. ಬೀದಿಯ ಜನ ಬೇರೆ 'ಕುರುಡಳಿಯ ಬಂದ' ಎಂದು ನಗುತ್ತಿದ್ದರು. ಸರಿ, ಅವಳು ಬಾಯಲ್ಲೇ ಊರು ತೋರಿಸತೊಡಗಿದಳು. ಇಲ್ಲಿಂದ ನಲವತ್ತು ಹೆಜ್ಜೆಗೆ ಗಾಣದವರ ಓಣಿ, ಎಣ್ಣೆಯ ವಾಸನೆ ಬರುತ್ತದೆ ನೋಡಿ. ಎಡಕ್ಕೆ ಕಲ್ಲು ನುಣುಪಾಯಿತಲ್ಲ, ಅಲ್ಲಿ ನಾನು ಜಾರಿಬಿದ್ದು ಹಲ್ಲು ಮುರಿದುಕೊಂಡೆ. ಮುಂದೆ ಸಮುದ್ರದಂಥ ಕೆರೆ, ಎಂಟು ವರ್ಷದವಳಿದ್ದಾಗ ಈಜಿ ದಾಟಿದ್ದೇನೆ. ಹೀಗೆ ಏಳು ಪಂಚಮಿ ಕಳೆದವು. ಎಂಟನೆಯ ಪಂಚಮಿಗೆ ಅವಳ ತಾಳ್ಮೆ ತೀರಿತು. ನಡುಹಗಲಿನಲ್ಲಿ, ತುಂಬಿದ ಪೇಟೆಯಲ್ಲಿ, ಗಂಡನ ಕಣ್ಣಿನ ಬಟ್ಟೆಯನ್ನು ಬಿಚ್ಚಿಬಿಟ್ಟಳು. ಬರಮಪ್ಪ ಎರಡು ಬಾರಿ ಕಣ್ಣು ಮಿಟುಕಿಸುವುದರೊಳಗೆ ಕಾವಲಿನವರು ಅವನನ್ನು ಹಿಡಿದು, ಮತ್ತೆ ಬಟ್ಟೆ ಕಟ್ಟಿ, ಈ ಕಟ್ಟೆಗೆ ಎಳೆತಂದರು. ಕಮ್ಮಾರ ಮಲ್ಲಾಚಾರಿ ತಿದಿಯೊತ್ತಿ ಕಬ್ಬಿಣ ಕಾಯಿಸತೊಡಗಿದ. ನಾಯಕನೇ ಕುದುರೆ ಏರಿ ಬಂದ.

ತುಂಗವ್ವ ಕಾಲಿಗೆ ಬೀಳಲಿಲ್ಲ. "ಬಟ್ಟಿ ಹಂಗ ಇರಲಿ. ಯಾರೂ ಕೈ ಹಿಡೀಬ್ಯಾಡ್ರಿ. ಇವರು ಒಬ್ಬರ ಅರಮನಿತನಕ ನಡದು ತೋರಸ್ತಾರ," ಎಂದಳು. ಬರಮಪ್ಪ ನಡೆದ. ಮೂರು ತಿರುವು ದಾಟಿ, ಗಾಣದವರ ಓಣಿ, ನುಣುಪುಗಲ್ಲು, ಕೆರೆಯ ಏರಿ, ಒಂದೊಂದರ ಹೆಸರೂ ಹೇಳುತ್ತ, ಎಲ್ಲಿಯೂ ಎಡವದೆ ಅರಮನೆಯ ಮೆಟ್ಟಿಲು ಮುಟ್ಟಿ ಹಾಗೆಯೇ ಹಿಂತಿರುಗಿದ. ನಾಯಕನ ಮುಖ ಕಪ್ಪಿಟ್ಟಿತು. ಎಲ್ಲವನ್ನೂ ಬಲ್ಲವನಾದರೆ ಇವನು ಇನ್ನೂ ದೊಡ್ಡ ಅಪಾಯ ಎಂದ.

"ಏಳು ವರ್ಸದಿಂದ ಬಲ್ಲರ್ರೀ ದೊರಿ. ಕೋಟಿ ಬಿತ್ತೇನು?" ಎಂದಳು ತುಂಗವ್ವ. "ನಿಮ್ಮ ಬಟ್ಟಿ ಗುಟ್ಟು ಮುಚ್ಚಿಲ್ಲ. ನಮ್ಮ ಮರ್ಯಾದಿ ಅಷ್ಟ ಕಳದೈತಿ."

ನಾಯಕ ಸೋಲೊಪ್ಪದೆ ಉಪಾಯವಾಗಿ, ಹೋಗಲಿ, ಇವನೊಬ್ಬನಿಗೆ ಮಾಫಿ ಎಂದ. ಗಂಡನ ಕಣ್ಣು ಉಳಿಯಿತೆಂದು ಬೇರೆ ಯಾರೇ ಆಗಿದ್ದರೂ ಕೈಮುಗಿದು ಮನೆಗೆ ಹೋಗುತ್ತಿದ್ದರು. ತುಂಗವ್ವ ಹೋಗಲಿಲ್ಲ. ಗಂಡನ ಕಡೆ ನೋಡಿದಳು. ಬರಮಪ್ಪ ಕಟ್ಟೆಯ ಮೇಲೆ ತಡವಿಕೊಂಡು ಕುಳಿತು, "ನೀ ಅನ್ನೂದು ಅಂದು ಮುಗಸು," ಎಂದ. ಅವಳು ಅಂದಳು: ಊರಿನ ಹೆಣ್ಣುಮಕ್ಕಳ ಗಂಡಂದಿರಿಗೆಲ್ಲ ಕಣ್ಣು ಕಟ್ಟುವುದನ್ನು ಬಿಡಬೇಕು, ಇಲ್ಲದಿದ್ದರೆ ನಿಮ್ಮ ಮಾಫಿ ನಮಗೂ ಬೇಡ. ನಾಯಕ ಕೆರಳಿ, ಹಾಗಾದರೆ ಕಬ್ಬಿಣವೇ ಆಗಲಿ ಎಂದು, ಬಟ್ಟೆ ಬಿಚ್ಚಿ ಅಳಿಯನ ತಲೆ ಹಿಡಿಯಲು ದ್ಯಾವಪ್ಪನಿಗೇ ಅಪ್ಪಣೆ ಕೊಟ್ಟ.

ಮೂವತ್ತು ವರ್ಷ ಗಂಟು ಹಾಕಿದ ಕೈ ಅದು. ದ್ಯಾವಪ್ಪ ಬಂದು ಮೆಲ್ಲಗೆ ಬಟ್ಟೆ ಬಿಚ್ಚಿದ, ತಲೆ ಹಿಡಿಯಲಿಲ್ಲ. ಆ ಬಟ್ಟೆಯನ್ನು ಒಯ್ದು ಕುಲುಮೆಯ ಕೆಂಡಕ್ಕೆ ಹಾಕಿ, ಅಳಿಯನಿಗೆ ಅಡ್ಡಲಾಗಿ ನಿಂತುಕೊಂಡ. ಮಲ್ಲಾಚಾರಿಗೂ ಹೊಳೆಯಾಚೆ ಇಬ್ಬರು ಅಳಿಯಂದಿರಿದ್ದರು. ಅವನು ತಿದಿ ಬಿಟ್ಟು ಎದ್ದ. ನಾಯಕ ಕಾವಲಿನವರ ಮುಖ ನೋಡಿದ. ಅವರೂ ಹೆಣ್ಣು ಹೆತ್ತವರೇ. ಕಬ್ಬಿಣ ಎತ್ತುವ ಒಂದು ಕೈಯೂ ಸಿಗದೆ ದೊರೆ ಕುದುರೆ ತಿರುಗಿಸಿದ. ಕಟ್ಟಳೆ ರದ್ದಾಯಿತೆಂದು ಅವನು ಕೊನೆಗೂ ಬಾಯಿಬಿಟ್ಟು ಹೇಳಲಿಲ್ಲವಂತೆ. ಹೇಳಲೆಂದು ಯಾರೂ ಕಾಯಲೂ ಇಲ್ಲ. ಆ ಸಂಜೆ ಕೆರೆಯ ಏರಿಯ ಮೇಲೆ ನಿಂತ ಬರಮಪ್ಪ, "ನೀ ಹೇಳಿದಷ್ಟು ದೊಡ್ಡದಿಲ್ಲ ಬಿಡು," ಎಂದನಂತೆ. "ನಾ ಸಣ್ಣಾಕಿ ಇದ್ದಾಗ ಸಮುದ್ರಾನ ಇತ್ತು. ಸುಮ್ನ ನೋಡ್ರಿ," ಎಂದು ತುಂಗವ್ವ ಗದರಿದಳಂತೆ.

ಇಂದಿಗೂ ನೆಲ್ಲಿದುರ್ಗದ ಹೆಣ್ಣುಮಕ್ಕಳು ಮದುವೆಯಾದ ಮೊದಲ ಪಂಚಮಿಗೆ ಗಂಡನನ್ನು ಕರೆತರುವುದು ಈ ಬಾಗಿಲಿನಿಂದಲೇ. ಬಸ್ ನಿಲ್ದಾಣದಿಂದ ಅಗಲವಾದ ಡಾಂಬರು ರಸ್ತೆಯಿದೆ; ಅದು ಅವರಿಗೆ ಬೇಡ. ಕಟ್ಟೆಯ ಬಳಿ ನಿಂತು, ಇದು ನಮ್ಮೂರು, ನೋಡಿ ಎಂದು ಹೇಳಿ ಒಳಗೆ ಕರೆದೊಯ್ಯುತ್ತಾರೆ. ಹೋದ ವರ್ಷ ಪುರಸಭೆಯವರು ದುರಸ್ತಿಯ ನೆಪದಲ್ಲಿ ಹಬ್ಬದ ದಿನವೇ ಓಣಿಗೆ ತಂತಿಬೇಲಿ ಹಾಕಿ, 'ಪ್ರವೇಶ ನಿಷೇಧಿಸಲಾಗಿದೆ' ಎಂದು ಬರೆಸಿದ್ದರು. ಮಧ್ಯಾಹ್ನ ಅಧಿಕಾರಿಗಳು ಬಂದು ನೋಡುವಾಗ ತಂತಿಯನ್ನು ಅಚ್ಚುಕಟ್ಟಾಗಿ ಸುತ್ತಿ ಗೋಡೆಗೆ ಒರಗಿಸಿಟ್ಟಿತ್ತು. ಹನ್ನೊಂದು ಜೋಡಿ ಆಗಲೇ ಒಳಗೆ ಹೋಗಿತ್ತು.